ಬಂದೆ, ತಡಿ

ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಪುಟ್ಟಿ ಮೇಜಿನ ಮೇಲಿದ್ದ ಲಗ್ನಪತ್ರಿಕೆಯನ್ನು ಕೈಗೆತ್ತಿಕೊಂಡು ಓದುತ್ತಿದ್ದಳು. ಅವಳಿಗೆ ಏಳು ವರ್ಷ ದಾಟಿದೆ. ಹಾಲಿನ ಪ್ಯಾಕೆಟ್ಟಿನಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ, ಕನ್ನಡ ಅಕ್ಷರ ಕಂಡಲ್ಲೆಲ್ಲ ಗಟ್ಟಿಯಾಗಿ ಓದುವ ವಯಸ್ಸು. ಓದುತ್ತಾ ಓದುತ್ತಾ ಒಂದು ಕಡೆ ತಡವರಿಸಿ ನಿಂತಳು.

“ತಾತ, ಈ ತಾತ ಯಾಕೆ ಲೇಟು?”

ಅವಳು ಬೆರಳಿಟ್ಟ ಕಡೆ ನೋಡಿದೆ. ‘ಲೇಟ್ ಶ್ರೀ’ ಎಂದು ಶುರುವಾಗಿ ನನ್ನ ಭಾವನವರ ಹೆಸರಿತ್ತು. ಮದುವೆ ಅವರ ಮೊಮ್ಮಗನದು. ತಿ. ನರಸೀಪುರದಲ್ಲಿರುವ ನನ್ನ ಅಕ್ಕ ಕಳಿಸಿದ್ದ ಪತ್ರಿಕೆ.

ಇಂಗ್ಲಿಷಿನವರು ತಡವಾಗಿ ಬಂದವನಿಗೂ ಲೇಟ್ ಎನ್ನುತ್ತಾರೆ, ತೀರಿಕೊಂಡವರ ಹೆಸರಿನ ಹಿಂದೆಯೂ ಲೇಟ್ ಎಂದು ಸೇರಿಸುತ್ತಾರೆ. ನಾವು ಎರಡನ್ನೂ ಹಾಗೆಯೇ ತೆಗೆದುಕೊಂಡಿದ್ದೇವೆ. ಹಳ್ಳಿಯ ಜಮೀನಿನ ಕಾಗದ ತೆಗೆದು ನೋಡಿ, ‘ಬಿನ್ ಲೇಟ್’ ಎಂದು ಸಾಲುಸಾಲಾಗಿ ಇರುತ್ತದೆ. ಬಿನ್ ಅರಬ್ಬಿ, ಲೇಟ್ ಇಂಗ್ಲಿಷ್, ಹೆಸರು ಮಾತ್ರ ನಮ್ಮದು. ಇದನ್ನೆಲ್ಲ ಪುಟ್ಟಿಗೆ ಹೇಳಿದೆ. ಮೂವತ್ತಮೂರು ವರ್ಷ ಕನ್ನಡ ಪಾಠ ಮಾಡಿದ ಮೇಷ್ಟ್ರಿಗೆ ಒಂದು ಪ್ರಶ್ನೆ ಕೇಳಿದರೆ ಹತ್ತು ಉತ್ತರ ಕೊಡುವ ಚಟ.

“ಹಾಗಾದ್ರೆ ನಾನು ಸ್ಕೂಲಿಗೆ ಲೇಟ್ ಅಂದ್ರೆ?” ಎಂದು ಕಣ್ಣರಳಿಸಿದಳು. ಒಳಗಿನಿಂದ ಅವಳ ಅಜ್ಜಿ, “ಬಿಡ್ತು ಅನ್ನು!” ಎಂದು ಕೂಗಿದಳು.

ನಗು ಬಂತು. ಆದರೆ ಆ ಪದ ನನ್ನೊಳಗೆ ಚುಚ್ಚಿಕೊಂಡು ಉಳಿಯಿತು. ಏಕೆಂದರೆ ಭಾವ ಬದುಕಿದ್ದಾಗ ಒಂದು ದಿನವೂ ಲೇಟಾದವರಲ್ಲ. ಅಂಚೆ ಪೇದೆಯಾಗಿದ್ದವರು. ಸೈಕಲ್ಲಿನಲ್ಲಿ ಹಳ್ಳಿ ಸುತ್ತಿ ಕಾಗದ ಹಂಚಿದವರು. ಮನೆಯ ಗೋಡೆ ಗಡಿಯಾರವನ್ನೂ ಹತ್ತು ನಿಮಿಷ ಮುಂದಿಟ್ಟುಕೊಂಡಿದ್ದರು. ತಡ ಮಾಡಿದವನು ನಾನು.

ಎರಡು ವರ್ಷದ ಹಿಂದೆ ಅವರು ಹಾಸಿಗೆ ಹಿಡಿದಿದ್ದಾಗ ಫೋನ್ ಮಾಡಿ, “ಒಂದ್ಸಲ ಬಂದು ಹೋಗಪ್ಪ” ಎಂದಿದ್ದರು. “ಬಂದೆ ಭಾವ, ನಾಳೆ ಬಂದೇಬಿಟ್ಟೆ” ಎಂದೆ. ಕನ್ನಡದ ಈ ಬೆರಗನ್ನು ಗಮನಿಸಿದ್ದೀರಾ? ಅಡುಗೆಮನೆಯಿಂದ ಅಮ್ಮ ಕೂಗಿದರೆ ಕೂತಲ್ಲಿಂದಲೇ “ಬಂದೆ!” ಎನ್ನುತ್ತೀರಿ. ವ್ಯಾಕರಣದ ಪ್ರಕಾರ ಅದು ಭೂತಕಾಲ, ಆಗಿಹೋದ ಕೆಲಸ. ಎದ್ದೇ ಇಲ್ಲ, ಆದರೂ ಬಂದಾಯಿತು! ನಾನು ಹಾಗೆ ಬಂದವನು. ಮಾರನೆಯ ದಿನ ಬ್ಯಾಂಕಿನ ಕೆಲಸ, ಅದರ ಮಾರನೆಯ ದಿನ ಮಳೆ. ಮೂರನೆಯ ದಿನ ಬೆಳಗ್ಗೆ ಫೋನ್ ಬಂತು.

ಆಮೇಲೆ ಕಾರ್ಯಕ್ಕೆ ಹೋದೆ, ಹತ್ತು ಜನರ ನಡುವೆ ಕೂತು ಬಂದೆ. ಅಕ್ಕನ ಜೊತೆ ಒಬ್ಬನೇ ಕೂತು ಮಾತಾಡಿರಲಿಲ್ಲ. ಈಗ ಅವಳೇ ಫೋನ್ ಮಾಡಿದ್ದಳು: “ಮದುವೆ ದಿನ ನಿನ್ನ ಹತ್ರ ಮಾತಾಡಕ್ಕೆ ಪುರಸೊತ್ತಾಗಲ್ಲ. ಮುಂಚೆ ಒಂದಿನ ಬಾರೋ.”

ಮೈಸೂರಿನಿಂದ ತಿ. ನರಸೀಪುರಕ್ಕೆ ನೇರ ಬಸ್ಸಿದೆ. ಬೆಳಗ್ಗೆ ತಿಂಡಿ ತಿಂದು ಹೊರಟರೆ ಹತ್ತು ಗಂಟೆಯೊಳಗೆ ಅಕ್ಕನ ಮನೆಯ ಕಾಫಿ ಕುಡಿಯಬಹುದು. ಆದರೆ ನಾನು, “ಪುಟ್ಟಿಗೆ ನಂಜನಗೂಡು ತೋರಿಸಿಕೊಂಡು ಹೋಗ್ತೀನಿ” ಎಂದೆ. ಮನೆಯವರೆಲ್ಲ ಒಪ್ಪಿದರು. ನಿಜ ಹೇಳಬೇಕೆಂದರೆ, ಆ ಮನೆಯ ಬಾಗಿಲನ್ನು ಆದಷ್ಟು ತಡವಾಗಿ ತಟ್ಟಬೇಕೆಂದು ನನಗಿತ್ತು.

ರೈಲಿನಲ್ಲಿ ಹೋಗೋಣವೆಂದುಕೊಂಡೆವು. ಪುಟ್ಟಿಯ ಒಂದು ಚಪ್ಪಲಿ ಸಿಗಲಿಲ್ಲ. ಅದು ಸಿಗುವಷ್ಟರಲ್ಲಿ ರೈಲು ಹೋಗಿತ್ತು. ಬಸ್ಸು ಹಿಡಿದೆವು.

ನಂಜನಗೂಡಿಗೆ ಹೋಗುವಾಗ ಕಪಿಲಾ ನದಿಯ ಹಳೆಯ ಕಲ್ಲಿನ ಸೇತುವೆಯನ್ನು ನೋಡಲು ಮರೆಯಬೇಡಿ. ಮೈಸೂರಿನ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ್ದು. ಎತ್ತಿನಗಾಡಿ, ಕುದುರೆಗೆಂದು ಕಟ್ಟಿದ ಸೇತುವೆಯ ಮೇಲೆ ಮುಂದೆ ರೈಲು ಹಳಿಯೂ ಬಂತು. ಒಂದೇ ಸೇತುವೆಯ ಮೇಲೆ ರಸ್ತೆಯೂ ಇತ್ತು, ರೈಲೂ ಓಡುತ್ತಿತ್ತು. ಈಗ ರೈಲಿಗೆ, ರಸ್ತೆಗೆ ಬೇರೆ ಬೇರೆ ಸೇತುವೆಗಳಾಗಿವೆ. ಹಳೆಯದು ಪಕ್ಕದಲ್ಲಿ ಸುಮ್ಮನೆ ನಿಂತಿದೆ. ರೈಲು ಬರುವ ಸದ್ದು ಕೇಳಿದರೆ ಎತ್ತು ಬೆದರುತ್ತವೆಂದು ಗಾಡಿಯವರು ಈಚೆ ದಡದಲ್ಲೇ ನಿಲ್ಲಿಸಿಕೊಂಡು, “ತಡಿ ತಡಿ ತಡಿ” ಎಂದು ಕೊರಳು ಸವರುತ್ತಿದ್ದರಂತೆ. ನಮ್ಮಪ್ಪ ಹೇಳುತ್ತಿದ್ದ ಮಾತು.

ತಡಿ! ಈ ಊರಲ್ಲಿ ಆ ಪದಕ್ಕೆ ಎರಡು ಜೀವ. ಹೊಳೆಯ ದಡಕ್ಕೂ ತಡಿ ಎನ್ನುತ್ತೇವೆ, ಸ್ವಲ್ಪ ಕಾಯಿ ಎನ್ನುವುದಕ್ಕೂ ತಡಿ ಎನ್ನುತ್ತೇವೆ. ನಡೆದು ಬಂದವನು ಹೊಳೆ ಎದುರಾದಾಗ ನಿಲ್ಲುವ ಜಾಗ ತಡಿ. ನಿಂತವನಿಗೆ ಹೇಳುವ ಮಾತೂ ತಡಿ. ಸಂಸ್ಕೃತದಿಂದ ಬಂದ ‘ವೇಳೆ’ಯದೂ ಇಂಥದೇ ಚೋದ್ಯ. ಅಲ್ಲಿ ‘ವೇಲಾ’ ಎಂದರೆ ಹೊತ್ತು ಎಂಬ ಅರ್ಥವೂ ಇದೆ, ಸಮುದ್ರದ ದಂಡೆ ಎಂಬ ಅರ್ಥವೂ ಇದೆ. ಎಲ್ಲಿಗೆ ಹೋದರೂ ನೀರಿನ ಅಂಚಿನಲ್ಲೇ ಕಾಲವೂ ನಿಂತಿರುತ್ತದೆ ನೋಡಿ.

ಶ್ರೀಕಂಠೇಶ್ವರನ ಗುಡಿಯ ಗೋಪುರ 120 ಅಡಿ ಎತ್ತರ. ಪುಟ್ಟಿ ತಲೆ ಎತ್ತಿ ಎತ್ತಿ ಹಿಂದಕ್ಕೆ ಬೀಳುವ ಹಾಗಾದಳು. ಈ ಊರಿಗೆ ಗರಳಪುರಿ ಎಂದೂ ಹೆಸರು. ಗರಳ ಎಂದರೆ ವಿಷ. ಹಾಲುಗಡಲನ್ನು ಕಡೆದಾಗ ಹುಟ್ಟಿದ ವಿಷವನ್ನು ಶಿವ ಕುಡಿದ ಕತೆ ನಿಮಗೆಲ್ಲ ಗೊತ್ತಲ್ಲ? ನಂಜು ಉಂಡವನೇ ನಂಜುಂಡ. ಟಿಪ್ಪು ಸುಲ್ತಾನನ ಆನೆಗೆ ಇಲ್ಲಿ ಕಣ್ಣು ಬಂತೆಂದೂ, ಅದಕ್ಕೆ ಅವನು ಈ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಜನ ಹೇಳುತ್ತಾರೆ. ಹಕೀಮ ಎಂದರೆ ವೈದ್ಯ.

“ವಿಷ ಹೊಟ್ಟೆಗೆ ಹೋಗಲಿಲ್ವಾ?” ಪುಟ್ಟಿಯ ಪ್ರಶ್ನೆ.

“ಪಾರ್ವತಿ ಕುತ್ತಿಗೆ ಒತ್ತಿ ಹಿಡಿದು ತಡೆದಳು. ಅಲ್ಲೇ ನಿಂತಿತು. ಅದಕ್ಕೇ ಗಂಟಲು ನೀಲಿ.”

ಹೇಳುತ್ತಿದ್ದಂತೆ ನನಗೇ ಹೊಳೆಯಿತು. ತಡ, ತಡೆ ಎರಡೂ ಒಂದೇ ಬೇರಿನವು. ತಡೆ ಎಂದರೆ ಅಡ್ಡಿ. ತಡೆ ಎಂದರೆ ತಾಳಿಕೋ ಎಂದೂ ಆಗುತ್ತದೆ. ಕಾಲಿಗೆ ಮುಳ್ಳು ಹೊಕ್ಕಾಗ ಅಮ್ಮ, “ತಡ್ಕೊ ಮಗು, ಈಗ ತೆಗೀತೀನಿ” ಎನ್ನುತ್ತಾಳಲ್ಲ, ಆ ತಡೆ. ತಡ ಮಾಡುವುದೆಂದರೆ ಬರೀ ಸೋಮಾರಿತನ ಎಂದು ಮಕ್ಕಳಿಗೆ ಎಷ್ಟು ವರ್ಷ ಬೈದಿದ್ದೇನೆ! ಈ ಊರ ದೇವರು ನಂಜನ್ನು ತಡೆದೇ ದೇವರಾದವನು.

ಗುಡಿಯಿಂದ ಸ್ನಾನಘಟ್ಟಕ್ಕೆ ಇಳಿದೆವು. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಇಲ್ಲಿಯ ಹದಿನಾರು ಕಾಲು ಮಂಟಪ ಮುಳುಗುತ್ತದೆ. ನಾವು ಹೋದಾಗ ನೀರು ಇಳಿದಿತ್ತು. ಮೆಟ್ಟಿಲ ಮೇಲೆ ಕೇರಳದಿಂದ ಬಂದ ಒಂದು ಸಂಸಾರ ಕೂತಿತ್ತು. ಆ ತಾಯಿ ಪುಟ್ಟಿಯ ಗಲ್ಲ ಹಿಡಿದು, “ಎವಿಡೆಯಾ ತಾಮಸಂ?” ಎಂದರು. ಎಲ್ಲಿ ವಾಸ ಎಂದು ಕೇಳಿದ್ದು. ಸ್ವಲ್ಪ ಹೊತ್ತಿಗೆ ಅವರ ಯಜಮಾನರು ವಾಚು ನೋಡಿಕೊಂಡು, “ತಾಮಸಿಚ್ಚು ಪೋಯಿ” ಎಂದು ಎಬ್ಬಿಸಿದರು. ತಡವಾಯ್ತು, ನಡೀರಿ ಎಂದು. ಮಲಯಾಳದಲ್ಲಿ ಉಳಿಯುವುದೂ ತಾಮಸವೇ, ತಡವಾಗುವುದೂ ತಾಮಸವೇ. ನೆಂಟರ ಮನೆಯಲ್ಲಿ ಇನ್ನೊಂದು ದಿನ ಉಳಿದರೆ ಊರಿಗೆ ಒಂದು ದಿನ ತಡವಾಗುತ್ತದೆ ತಾನೆ? ಲೆಕ್ಕ ಸರಿಯಾಗಿದೆ.

ತಮಿಳಿನಲ್ಲಿ ಇದೇ ಪದ ‘ತಾಮದಂ’ ಆಗಿ ಬರೀ ತಡ ಎಂಬ ಅರ್ಥಕ್ಕೆ ನಿಂತಿದೆ. ನಮ್ಮಲ್ಲಿ ತಾಮಸ ಎಂದರೆ ಸಾತ್ವಿಕ, ರಾಜಸ, ತಾಮಸ ಎಂಬ ಮೂರು ಗುಣಗಳಲ್ಲಿ ಕತ್ತಲಿನದು, ಜಡವಾದದ್ದು. ಪದವೊಂದೇ, ಮನೆ ಮೂರು. ಪುಟ್ಟಿಗೆ ನದಿ ತೋರಿಸಿ ಹೇಳಿದೆ: “ಈ ಕಪಿಲೆ ಹುಟ್ಟೋದು ಕೇರಳದ ವಯನಾಡಿನಲ್ಲಿ. ನಮ್ಮೂರು ದಾಟಿ, ಕಾವೇರಿ ಸೇರಿ, ತಮಿಳುನಾಡಿಗೆ ಹೋಗುತ್ತೆ. ಆ ಪದದ ಮೂರು ಮನೆಯನ್ನೂ ಇವಳು ನೋಡಿದ್ದಾಳೆ.” ಅವಳಿಗೆ ಪದಕ್ಕಿಂತ ನೀರಿನಲ್ಲಿ ಆಡುವುದು ಮುಖ್ಯವಾಗಿತ್ತು. ಲಂಗದ ಅಂಚು ಒದ್ದೆಯಾಗಿತ್ತು.

ತೆಲುಗಿನವರನ್ನು ಬಿಟ್ಟರೆ ಬೇಜಾರು ಮಾಡಿಕೊಂಡಾರು. ಅವರು ತಡಕ್ಕೆ ಆಲಸ್ಯಂ ಎನ್ನುತ್ತಾರೆ. ನಮಗೆ ಆಲಸ್ಯ ಎಂದರೆ ಮೈಗಳ್ಳತನ. ಹೈದರಾಬಾದಿನ ಗೆಳೆಯ ಬರೆದ ಕಾಗದವನ್ನು ನಮ್ಮವರು ಓದಿದರೆ ಜಗಳವೇ ಆಗಬಹುದು. ಹಳೆಯ ಕನ್ನಡ ಕಾಗದಗಳಲ್ಲಿ ‘ದೇಹಾಲಸ್ಯ’ ಎಂದರೆ ಕಾಯಿಲೆ. ಮನೆಯಲ್ಲಿ ಅಜ್ಜ ಬರೆದ ಕಾರ್ಡುಗಳಿದ್ದರೆ ತೆಗೆದು ನೋಡಿ. ‘ದೇಹಾಲಸ್ಯದ ಕಾರಣ ಬರಲಾಗಲಿಲ್ಲ’ ಎಂದಿದ್ದರೆ ಅಜ್ಜನಿಗೆ ಸೋಮಾರಿತನ ಎಂದುಕೊಳ್ಳಬೇಡಿ, ಜ್ವರ ಬಂದಿತ್ತು.

ಪೇಟೆಯಲ್ಲಿ ರಸಬಾಳೆ ಹುಡುಕಿದೆ. ಅಕ್ಕನಿಗೆ ಪ್ರಾಣ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇನೋ ಇದೆ. ಆದರೆ ಸೊರಗು ರೋಗ ತಗುಲಿ ಗಿಡಗಳು ಹೋದ ಮೇಲೆ ಹಣ್ಣು ಅಪರೂಪ. ಒಂದು ಅಂಗಡಿಯಲ್ಲಿ ಸಿಕ್ಕಿತು, ಬೆಲೆ ಹೇಳುವುದಿಲ್ಲ. ಅಂಗಡಿಯಾಕೆ ಚಿಪ್ಪು ಕಟ್ಟಿಕೊಡುತ್ತಾ, “ಇವತ್ತೇ ಮುರೀಬ್ಯಾಡಿ ಸ್ವಾಮಿ. ಇನ್ನೊಂದಿನ ತಡೀಲಿ, ಸಿಪ್ಪೆ ಮ್ಯಾಲೆ ಚುಕ್ಕೆ ಬೀಳ್ಲಿ. ಆಗ ನೋಡಿ ರುಚಿಯ” ಎಂದಳು. ಅಂಗಡಿಯ ಗೋಡೆಗೆ ‘ಇಂದು ನಗದು ನಾಳೆ ಸಾಲ’ ಎಂಬ ಬೋರ್ಡು. ಪುಟ್ಟಿ ಓದಿ, “ಹಾಗಾದ್ರೆ ನಾಳೆ ಬರೋಣ ತಾತ, ದುಡ್ಡು ಕೊಡೋದು ಬೇಡ” ಎಂದಳು. ಅಂಗಡಿಯಾಕೆ ಬಿದ್ದು ಬಿದ್ದು ನಕ್ಕಳು.

ಅಜ್ಜ ಅಜ್ಜಿಯರಿಗೆ ನೆನಪಿರಬೇಕು, ಒಂದು ಕಾಲಕ್ಕೆ ನಮ್ಮ ಕಡೆ ಬೀದಿಬೀದಿಯ ಬಾಗಿಲ ಮೇಲೂ ಗೋಡೆಯ ಮೇಲೂ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ಓದಿ ವಾಪಸ್ಸು ಹೋಗುತ್ತದೆ, ಮಾರನೆಯ ದಿನ ಮತ್ತೆ ಬಂದರೆ ಮತ್ತೆ ನಾಳೆ ಬಾ ಎಂದೇ ಇರುತ್ತದೆ! ದೆವ್ವಕ್ಕೆ ಓದು ಬರುತ್ತಿತ್ತೆಂದೂ, ಅದೂ ಕನ್ನಡ ಓದುತ್ತಿತ್ತೆಂದೂ ಕನ್ನಡ ಮೇಷ್ಟ್ರಾದ ನನಗೆ ಒಳಗೊಳಗೇ ಹೆಮ್ಮೆ.

ತಿ. ನರಸೀಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆವು. ಎರಡೂ ಬದಿ ಭತ್ತದ ಗದ್ದೆ. ಪುಟ್ಟಿಗೆ ಇನ್ನೂ ಪದಗಳು ಬೇಕಾಗಿದ್ದವು. ಬಸ್ಸಿನಲ್ಲಿ ಬೇರೆ ಕೆಲಸವೇನಿತ್ತು?

“ನೀನು ಹುಟ್ಟಿದ್ದೇ ವಿಳಂಬಿ ಸಂವತ್ಸರದಲ್ಲಿ” ಎಂದೆ. 2018ರ ಯುಗಾದಿಯಿಂದ 2019ರ ಯುಗಾದಿಯವರೆಗೆ ವಿಳಂಬಿ. ಅರವತ್ತು ಸಂವತ್ಸರಗಳಲ್ಲಿ ಮೂವತ್ತೆರಡನೆಯದು. ವಿಳಂಬ ಎಂಬ ಪದದ ಮೂಲ ಅರ್ಥ ಜೋತುಬೀಳುವುದು, ತೂಗಾಡುವುದು. ಕೆಲಸ ಮುಗಿಯದೆ ನೇತಾಡುತ್ತಿದ್ದರೆ ವಿಳಂಬ. ಆದರೆ ಸಂಗೀತಗಾರರ ಹತ್ತಿರ ಕೇಳಿ. ಅವರಿಗೆ ವಿಳಂಬ ಕಾಲ ಎಂದರೆ ತಪ್ಪಲ್ಲ. ಅವಸರವಿಲ್ಲದೆ ಒಂದೊಂದು ಸ್ವರದ ಮೇಲೂ ನಿಂತು ಹಾಡುವ ನಡೆ, ಅದಕ್ಕೆ ಹೆಚ್ಚು ಉಸಿರು ಬೇಕು.

ಸಾವಕಾಶ ಎಂದರೆ ‘ಅವಕಾಶ’ ಸಹಿತವಾದದ್ದು, ಜಾಗ ಇರುವುದು. “ಸಾವಕಾಶವಾಗಿ ಬನ್ನಿ” ಎಂದರೆ ನಿಮ್ಮ ಸುತ್ತ ಸ್ವಲ್ಪ ಜಾಗ ಬಿಟ್ಟಿದ್ದೇವೆ, ನೂಕಬೇಡಿ ಎಂದ ಹಾಗೆ. ಅಂದು ನಮ್ಮ ಬಸ್ಸಿನಲ್ಲಿ ಸಾವಕಾಶ ಇರಲಿಲ್ಲ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಯಲ್ಲಿತ್ತು. ಇನ್ನು ನಿಧಾನ. ಸಂಸ್ಕೃತದಲ್ಲಿ ಇದಕ್ಕೆ ಇಡುವುದು, ಕೂಡಿಟ್ಟ ಜಾಗ, ನಿಧಿ ಎಂಬ ಅರ್ಥಗಳಿವೆ. ತಮಿಳಿನವರು ನಿದಾನಂ ಎಂದರೆ ತಲೆ ಕೆಡದ ಸಮಚಿತ್ತ. ನಾವು ಅದನ್ನು ಮೆಲ್ಲಗೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಆದರೆ ‘ಅವಳು ನಿಧಾನಸ್ಥೆ’ ಎಂದಾಗ ಬೈಯುತ್ತಿಲ್ಲ, ಹೊಗಳುತ್ತಿದ್ದೇವೆ. ಬರೆಯುವಾಗ ಒಂದು ದೀರ್ಘ ತಪ್ಪಿದರೆ ಮಾತ್ರ ನಿಧಾನ ಹೋಗಿ ನಿಧನವಾಗುತ್ತದೆ, ಹುಷಾರು! ನನ್ನ ತರಗತಿಯಲ್ಲಿ ಪ್ರತಿ ವರ್ಷ ಒಬ್ಬರಾದರೂ ‘ನಮ್ಮ ತಾತ ನಿಧನವಾಗಿ ನಡೆಯುತ್ತಾರೆ’ ಎಂದು ಬರೆಯುತ್ತಿದ್ದರು.

ಪದಗಳು ಕಾಲ ಕಳೆದಂತೆಯೂ ಸಡಿಲವಾಗುತ್ತವೆ. ಇಂಗ್ಲಿಷಿನ ‘ಸೂನ್’ ಎಂಬ ಪದಕ್ಕೆ ಸಾವಿರ ವರ್ಷದ ಹಿಂದೆ ‘ಈ ಕ್ಷಣವೇ’ ಎಂಬ ಅರ್ಥವಿತ್ತು. ‘ಪ್ರೆಸೆಂಟ್ಲಿ’ಗೂ ಹಾಗೆಯೇ, ಈಗಿಂದೀಗಲೇ ಎಂದು. ಇಂದು ಎರಡಕ್ಕೂ ಸ್ವಲ್ಪ ಹೊತ್ತು ಬಿಟ್ಟು ಎಂಬ ಅರ್ಥ ಬಂದಿದೆ. ಏನಾಗಿರಬಹುದು ಊಹಿಸಿ. ಜನ ‘ಈಗಲೇ’ ಎನ್ನುತ್ತಾ ಆಮೇಲೆ ಬಂದರು. ಸಾವಿರ ವರ್ಷ ಹಾಗೆಯೇ ಮಾಡಿದರು. ಪದ ಪಾಪ ಏನು ಮಾಡೀತು, ಜನ ಬಂದಲ್ಲಿಗೇ ತಾನೂ ಬಂದು ಕೂತಿತು. ನಮ್ಮ ‘ಬಂದೆ’ಗೂ ಅದೇ ಗತಿ ಎಂದು ಹೇಳಲು ಹೊರಟವನು ಸುಮ್ಮನಾದೆ.

“ಆಮೇಲೆ?” ಎಂದಳು ಪುಟ್ಟಿ.

“ಆಮೇಲೆ ಹೇಳ್ತೀನಿ” ಎಂದೆ.

ತಿ. ನರಸೀಪುರದಲ್ಲಿ ಇಳಿದಾಗ ಒಂದೂವರೆ ಗಂಟೆ. ಊರಿನ ಪೂರ್ತಿ ಹೆಸರು ತಿರುಮಕೂಡಲು ನರಸೀಪುರ. ಕೂಡಲು ಎಂದರೆ ನದಿಗಳು ಕೂಡುವ ಜಾಗ. ಇಂಗ್ಲಿಷಿನಲ್ಲಿ ಮೊದಲಕ್ಷರ ‘ಟಿ’ ಎಂದು ಬರೆದು ಬರೆದು, ನಾವೂ ಟಿ. ನರಸೀಪುರ ಎನ್ನುತ್ತೇವೆ. ಅವಸರಕ್ಕೆ ಒಂದು ಚೆಂದದ ಹೆಸರು ಒಂದಕ್ಷರವಾಯಿತು.

ಬಸ್ ನಿಲ್ದಾಣದಿಂದ ಅಕ್ಕನ ಮನೆ ಎರಡು ಬೀದಿ ಆಚೆ. ನಾನು ಪುಟ್ಟಿಯನ್ನು ಕರೆದುಕೊಂಡು ಹೊಳೆಯ ಕಡೆ ನಡೆದೆ. ಗುಂಜಾ ನರಸಿಂಹಸ್ವಾಮಿಯ ಗುಡಿ ಮುಚ್ಚಿತ್ತು, ಹೊರಗಿನಿಂದಲೇ ಕೈ ಮುಗಿದೆವು. ಗುಂಜಾ ಎಂದರೆ ಗುಲಗಂಜಿ, ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕೆಂಪು ಬೀಜ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ತೋರಿಸಲು ಸ್ವಾಮಿ ಬೆರಳುಗಳ ನಡುವೆ ಗುಲಗಂಜಿ ಹಿಡಿದಿದ್ದಾನೆ ಎಂದು ನಂಬಿಕೆ. ಕಾಶಿಯವರು ಏನೆನ್ನುತ್ತಾರೋ!

ಕಪಿಲೆಯ ಸೇತುವೆ ದಾಟಿ ತಿರುಮಕೂಡಲಿಗೆ ಬಂದೆವು. ಒಂದು ಕಡೆಯಿಂದ ಕಾವೇರಿ, ಇನ್ನೊಂದು ಕಡೆಯಿಂದ ಕಪಿಲೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಮೂರನೆಯದೆಂದು ಇದಕ್ಕೆ ತ್ರಿವೇಣಿ ಸಂಗಮ ಎನ್ನುತ್ತಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಯುತ್ತದೆ. 2019ರಲ್ಲಿ ನಡೆದ ಮೇಲೆ 2022ರಲ್ಲಿ ಕೊರೊನಾ ಅಡ್ಡ ಬಂತು. ಮತ್ತೆ ಜನ ಸೇರಿ ಮಿಂದದ್ದು 2025ರ ಫೆಬ್ರುವರಿಯಲ್ಲಿ. ನಾವು ಹೋದ ದಿನ ತೆಪ್ಪದವರೊಬ್ಬರು ಅರಳಿಮರದ ನೆರಳಲ್ಲಿ ಮಲಗಿದ್ದರು, ತೆಪ್ಪ ಬೋರಲಾಗಿತ್ತು.

ಅಗಸ್ತ್ಯೇಶ್ವರನ ಗುಡಿಯ ಜಗಲಿಯಲ್ಲಿ ಕೂತು ಪುಟ್ಟಿಗೆ ಸ್ಥಳಪುರಾಣ ಹೇಳಿದೆ. ಅಗಸ್ತ್ಯ ಋಷಿಗಳು ಇಲ್ಲಿ ಲಿಂಗ ಸ್ಥಾಪಿಸಬೇಕೆಂದು ಹೊರಟರು. ಕಾಶಿಯಿಂದ ಲಿಂಗ ತರಲು ಹನುಮಂತನನ್ನು ಕಳಿಸಿದರು. ಮುಹೂರ್ತ ಹತ್ತಿರ ಬಂತು, ಹನುಮಂತ ಬರಲಿಲ್ಲ. ಕಾದರು, ಕಾದರು. ಕೊನೆಗೆ ಹೊಳೆಯ ಮರಳನ್ನೇ ಒಟ್ಟುಗೂಡಿಸಿ ಲಿಂಗ ಮಾಡಿ ಪೂಜೆ ಮಾಡಿಬಿಟ್ಟರು. ಆಮೇಲೆ ಬಂದ ಹನುಮಂತನಿಗೆ ಸಿಟ್ಟು. ಅಷ್ಟು ದೂರದಿಂದ ಹೊತ್ತು ತಂದಿದ್ದೇನೆ, ಕಾಯಬಾರದಿತ್ತೇ ಎಂದು ಮರಳಿನ ಲಿಂಗವನ್ನು ಒಡೆಯಲು ಹೋದ. ಅದರ ನೆತ್ತಿಯಲ್ಲಿ ಕುಳಿ ಬಿತ್ತೇ ಹೊರತು ಒಡೆಯಲಿಲ್ಲ. ಆ ಕುಳಿಯಲ್ಲಿ ಈಗಲೂ ನೀರು ಜಿನುಗುತ್ತದೆ ಎಂದು ಭಕ್ತರು ನಂಬುತ್ತಾರೆ.

“ಹನುಮಂತನಿಗೂ ಲೇಟ್ ಆಗುತ್ತಾ? ಅವನು ಹಾರ್ತಾನಲ್ಲ!”

“ಹಾರೋವರಿಗೂ ಆಗುತ್ತೆ.”

“ಅವನು ತಂದ ಲಿಂಗ ಏನು ಮಾಡಿದ್ರು? ವಾಪಸ್ ಕಳಿಸಿದ್ರಾ?”

ಚಿಕ್ಕಂದಿನಿಂದ ಈ ಕತೆ ಕೇಳಿದ್ದೇನೆ, ಹೇಳಿದ್ದೇನೆ. ಈ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಉತ್ತರ ಮಾತ್ರ ಊರಿನಲ್ಲೇ ಇತ್ತು. ಹನುಮಂತ ತಂದದ್ದನ್ನೂ ಇಲ್ಲೇ ಸ್ಥಾಪಿಸಿದರಂತೆ. ಹನುಮಂತೇಶ್ವರ ಎಂದೇ ಅದರ ಹೆಸರು. ಇಲ್ಲಿಯ ಪಂಚಲಿಂಗಗಳಲ್ಲಿ ಅದೂ ಒಂದು.

“ಓ, ಹಾಗಾದ್ರೆ ಪರವಾಗಿಲ್ಲ” ಎಂದು ಪುಟ್ಟಿ ಎದ್ದು ಲಂಗ ಕೊಡವಿದಳು. “ಹೊಟ್ಟೆ ಹಸೀತಿದೆ. ದೊಡ್ಡಜ್ಜಿ ಮನೆಗೆ ಹೋಗೋಣ.”

ಇನ್ನು ತಡ ಮಾಡಲು ನನ್ನ ಹತ್ತಿರ ನೆಪ ಉಳಿದಿರಲಿಲ್ಲ.

ಅಕ್ಕ ಜಗಲಿಯ ಮೇಲೇ ಕೂತಿದ್ದಳು. ಬೆನ್ನು ಇನ್ನಷ್ಟು ಬಾಗಿತ್ತು. ನಮ್ಮನ್ನು ಕಂಡು ಗೋಡೆ ಹಿಡಿದು ಎದ್ದಳು. “ಬಂದ್ಯಾ? ಹೊತ್ತಾಯ್ತಲ್ಲೋ” ಎಂದಳು. ಹೊತ್ತು ಎಂದರೆ ಕಾಲವೂ ಹೌದು, ಸೂರ್ಯನೂ ಹೌದು. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಎನ್ನುತ್ತೇವಲ್ಲ. ತಮಿಳರ ಪೊೞುದು, ತೆಲುಗರ ಪೊದ್ದು ಎಲ್ಲ ಈ ಹೊತ್ತಿನ ಒಡಹುಟ್ಟುಗಳೇ. ಅಕ್ಕ ಹೇಳಿದ್ದು ಎರಡನ್ನೂ. ಸೂರ್ಯ ಮಾಡಿನ ಆಚೆ ವಾಲಿದ್ದ. ಎಲೆ ಹಾಸಿ, ನೀರಿಟ್ಟು, ಪಾತ್ರೆಗಳನ್ನು ಮುಚ್ಚಿಟ್ಟಿದ್ದಳು. ಅವಳೂ ಉಂಡಿರಲಿಲ್ಲ.

“ದೊಡ್ಡಜ್ಜಿ, ತಾತ ಬೇಕು ಅಂತಲೇ ಲೇಟ್ ಮಾಡಿದ್ದು. ಹೊಳೆ ಹತ್ರ ಕೂತ್ಕೊಂಡು ಕತೆ ಹೇಳ್ತಿದ್ರು” ಎಂದು ಪುಟ್ಟಿ ಒಂದೇ ಉಸಿರಿಗೆ ಹೇಳಿಬಿಟ್ಟಳು. ಮಕ್ಕಳ ಮುಂದೆ ಗುಟ್ಟು ನಿಲ್ಲುತ್ತದೆಯೇ?

ಅಕ್ಕ ನಕ್ಕಳು. ಬಸ್ಸಾರು, ಮುದ್ದೆ, ಮೇಲೊಂದು ಹಿಡಿ ಅನ್ನ, ಮಜ್ಜಿಗೆ. ಊಟವಾದ ಮೇಲೆ ಪುಟ್ಟಿ ಹಿತ್ತಲಿಗೆ ಓಡಿದಳು. ನಾವಿಬ್ಬರೇ ಉಳಿದೆವು. ಗೋಡೆಯ ಮೇಲೆ ಭಾವನವರ ಫೋಟೋ, ಹಾರ ಹೊಸದು. ಎಷ್ಟೋ ಸಲ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿ, “ಅಕ್ಕ, ಅವತ್ತು ನಾನು ಬಂದೆ ಅಂದಿದ್ದೆ” ಎಂದೆ. ಮುಂದೆ ಮಾತು ಗಂಟಲಲ್ಲೇ ನಿಂತಿತು.

ಅವಳು ಎಲೆಯಡಿಕೆಯ ತಟ್ಟೆ ಹತ್ತಿರಕ್ಕೆಳೆದುಕೊಂಡಳು. ಸುಳ್ಳು ಸಮಾಧಾನ ಹೇಳುವ ಹೆಂ‍ಗಸಲ್ಲ ಅವಳು, ಎಂದೂ ಅಲ್ಲ.

“ನಿಮ್ಮ ಭಾವ ಎರಡು ದಿನ ಬಾಗ್ಲ ಕಡೆ ನೋಡ್ತಿದ್ರು, ಹೌದು. ನಾನು ಸಿಟ್ಟು ಮಾಡ್ಕೊಂಡೆ. ಇನ್ನೊಂದ್ಸಲ ಫೋನ್ ಮಾಡಿ ಬೈತೀನಿ ಅಂತ ಹೋದೆ. ಅವರೇ ಬ್ಯಾಡ ಅಂದ್ರು. ‘ಅವನು ಬಂದೆ ಅಂದಿದ್ದಾನಲ್ಲ, ಬತ್ತಾನೆ. ಇವತ್ತಲ್ಲ ಇನ್ನೊಂದಿನ. ನೀನು ತಡಿ’ ಅಂದ್ರು.” ಅಡಿಕೆ ಬಾಯಿಗೆ ಹಾಕಿಕೊಂಡಳು. “ಅದ್ಕೇ ತಡೆದಿದ್ದೆ. ನೀನಾಗೇ ಬತ್ತೀಯ ಅಂತ. ಎರಡು ವರ್ಷ ಆಯ್ತು. ಮದುವೆ ನೆಪ ಮಾಡಿ ಕರೀದಿದ್ರೆ ಇನ್ನೂ ಬತ್ತಿರಲಿಲ್ಲ ನೀನು.”

“ಬರ್ತಿರಲಿಲ್ಲ” ಎಂದೆ.

“ಸಿಟ್ಟು ಈಗಲೂ ಅದೆ ಸ್ವಲ್ಪ” ಎಂದಳು. ಆಮೇಲೆ, “ರಸಬಾಳೆ ತಂದಿದ್ದೀಯಲ್ಲ, ತೆಗಿ” ಎಂದಳು.

“ಇನ್ನೊಂದು ದಿನ ತಡೀಬೇಕಂತೆ.”

“ನನಗೆ ತಡೆಯಕ್ಕಾಗಲ್ಲ” ಎಂದು ಒಂದು ಹಣ್ಣು ಮುರಿದುಕೊಂಡಳು.

ಸಂಜೆಯವರೆಗೂ ಮಾತು. ಭಾವ ಯಾವ ಯಾವ ಹಳ್ಳಿಗೆ ಯಾವ ವಾರ ಹೋಗುತ್ತಿದ್ದರು, ಓದು ಬಾರದವರಿಗೆ ಕಾಗದ ಓದಿ ಹೇಳುವಾಗ ಕೆಟ್ಟ ಸುದ್ದಿಯಿದ್ದರೆ ಮೊದಲು ಒಂದು ಲೋಟ ನೀರು ಕೇಳಿ ಕುಡಿದು, ಆಮೇಲೆ ಓದುತ್ತಿದ್ದರು ಎಂಬುದನ್ನೆಲ್ಲ ಅವಳು ಹೇಳಿದಳು. ಪುಟ್ಟಿ ಹಿತ್ತಲಿನಿಂದ ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದಳು. ಲಗ್ನಪತ್ರಿಕೆಯ ‘ಲೇಟ್’ ಬಗ್ಗೆ ಅವಳೇ ವಿಚಾರಿಸಿದಳು. ಅಕ್ಕ ಫೋಟೋದ ಕಡೆ ತಿರುಗಿ, “ಕೇಳಿದ್ರಾ? ನಿಮಗೆ ಲೇಟ್ ಅಂತೆ!” ಎಂದಳು.

ತಲೆ ಎತ್ತಿ ನೋಡಿದರೆ ಗೋಡೆ ಗಡಿಯಾರದಲ್ಲಿ ಐದೂವರೆ. ಐದೂ ಮೂವತ್ತೈದರ ಬಸ್ಸು. ನಾನು ದಡಬಡ ಎದ್ದು ಚೀಲ ಹುಡುಕಿದೆ. ಪುಟ್ಟಿಯ ಒಂದು ಚಪ್ಪಲಿ ಮತ್ತೆ ಕಾಣೆ.

“ತಡಿಯೋ, ಕೂತ್ಕೊ” ಎಂದಳು ಅಕ್ಕ. “ಅದು ಹತ್ತು ನಿಮಿಷ ಮುಂದೈತೆ. ಅವರು ಇಟ್ಟಿದ್ದು, ಹಂಗೇ ಬಿಟ್ಟಿದ್ದೀನಿ.”

ಕೂತೆ. ಅವಳು ಇನ್ನೊಂದು ಎಲೆಗೆ ಸುಣ್ಣ ಸವರಿ ನನ್ನ ಕೈಗಿಟ್ಟಳು.